ಪಾಲು ಬೇರೆ, ಉಡುಗೊರೆ ಬೇರೆ

ಲಾಟರಿ ಹೊಡೆದ್ರೆ ಏನ್ ಮಾಡ್ತೀಯೆ ಅಂತ ಕೇಳಿದ್ರೆ ನಮ್ಮ ಬೀದಿ ಹೆಂಗಸ್ರಲ್ಲಿ ಒಬ್ಬೊಬ್ರಿಗೂ ಉತ್ತರ ರೆಡಿ ಐತೆ. ಒಬ್ಬಳು ಚಿನ್ನ ಬಿಡಿಸ್ಕೋತಾಳೆ, ಒಬ್ಬಳು ಮಗಳ ಮದುವೆ ಮಾಡ್ತಾಳೆ, ಇನ್ನೊಬ್ಬಳು ಎಲ್ಲಾರ್ನೂ ಬಸ್ಸು ಮಾಡ್ಕೊಂಡು ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ತಾಳೆ. ಆದ್ರೆ "ನಿನ್ನ ಕಡೇರಿಗೆ ಎಷ್ಟು ಕೊಡ್ತೀಯಾ, ಅವರ ಕಡೇರಿಗೆ ಎಷ್ಟು ಕೊಡ್ತೀಯಾ" ಅಂತ ಇನ್ನೊಂದು ಮಾತು ಕೇಳಿ ನೋಡಿ. ಅಲ್ಲಿಗೆ ನಗು ನಿಲ್ಲುತ್ತೆ. ಇನ್ನೂ ಹೊಡೀದೆ ಇರೋ ಲಾಟರಿಗೇ ವಾರಗಿತ್ತೀರು ಮುಖ ತಿರುಗಿಸ್ತಾರೆ.

ಈ ಸಲ ನಾನು ಬರೀತಿರೋದು ಅದನ್ನೇ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ನೀವು ಬೈದ್ರೂ ಸರಿ. ದುಡ್ಡು ಜಾಸ್ತಿ ಬಂತು ಅಂತ ನೆಂಟರು ಜಗಳ ಆಡ್ತಾರೆ ಅಂತೀವಿ. ನನಗೆ ಹಂಗನ್ಸಲ್ಲ. ಪಾಲು ಯಾವುದು, ಉಡುಗೊರೆ ಯಾವುದು ಅನ್ನೋದನ್ನ ಹಿಟ್ಟು ಕಲಸಿದಂಗೆ ಕಲಸಿಬಿಡ್ತೀವಲ್ಲ, ಜಗಳ ಅಲ್ಲಿಂದ ಶುರು ಆಗೋದು.

ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ಬಂದ್. ಬಂದ್ ಮಾಡಿದ್ದು ಒಳ್ಳೇದೇ ಆಯ್ತು ಅಂತ ನನ್ನ ವಯಸ್ಸಿನವರಿಗೆ ಗೊತ್ತು. ಗೂಡಂಗಡೀಲಿ ಟಿಕೆಟ್ ಮಾಲೆ ಕಟ್ಟಿ ತೂಗಾಕಿರ್ತಿದ್ರು. ಬೆಳಗ್ಗೆಯಿಂದ ಗಾರೆ ಕೆಲಸ ಮಾಡಿದ ಕೂಲಿ ಸಂಜೆ ಅಲ್ಲೇ ಕರಗಿ, ಮನೇಲಿ ಹೆಂಡ್ತಿ ಸೇರು ಅಕ್ಕಿಗೆ ಪಕ್ಕದ ಮನೆ ಬಾಗಿಲು ತಟ್ತಿದ್ಲು. ಪಕ್ಕದ ಕೇರಳದಲ್ಲಿ ಸರ್ಕಾರನೇ ಲಾಟರಿ ನಡೆಸುತ್ತೆ. 1967ರಲ್ಲಿ ಶುರು ಮಾಡಿ, 1968ರ ಜನವರಿ 26ಕ್ಕೆ ಮೊದಲ ಡ್ರಾ ಮಾಡಿದ್ರು. ಆಗ ಟಿಕೆಟ್ 1 ರೂಪಾಯಿ, ಮೊದಲ ಬಹುಮಾನ 50 ಸಾವಿರ. ಈಗ ಓಣಂ ಬಂಪರ್ ಟಿಕೆಟ್ 500 ರೂಪಾಯಿ, ಬಹುಮಾನ 25 ಕೋಟಿ. 2024ರ ಅಕ್ಟೋಬರಲ್ಲಿ ಆ 25 ಕೋಟಿ ನಮ್ಮ ಮಂಡ್ಯ ಜಿಲ್ಲೆ ಪಾಂಡವಪುರದ ಒಬ್ಬ ಮೆಕ್ಯಾನಿಕ್‌ಗೆ ಬಂತಲ್ಲ, ವಯನಾಡಿನ ಸುಲ್ತಾನ್ ಬತ್ತೇರೀಲಿ ಮಾರಾಟ ಆದ ಟಿಕೆಟ್‌ಗೆ. ಟಿವೀಲಿ ಆ ಸುದ್ದಿ ಬಂದ ದಿನ ನಮ್ಮ ಏರಿಯಾದಲ್ಲಿ ಹಾಲು ಉಕ್ಕಿಸಿದ ಹೆಂಗಸ್ರು ಎಷ್ಟು ಜನನೋ. ಎಲ್ಲಾರೂ 25 ಕೋಟಿನ ಮನಸ್ಸಲ್ಲೇ ಹಂಚಿ ಮುಗಿಸಿದ್ರು.

ಮೊದಲ ತಪ್ಪು ಅಲ್ಲೇ ಇರೋದು. 25 ಕೋಟಿ ಅಂದ್ರೆ ಕೈಗೆ 25 ಕೋಟಿ ಬರಲ್ಲ. ಅದ್ರಲ್ಲಿ ನೂರಕ್ಕೆ 10 ಏಜೆಂಟ್ ಕಮಿಷನ್, ಅಂದ್ರೆ ಎರಡೂವರೆ ಕೋಟಿ ಹೋಯ್ತು. ಉಳಿದ ಇಪ್ಪತ್ತೆರಡೂವರೆ ಕೋಟೀಲಿ ನೂರಕ್ಕೆ 30 ಆದಾಯ ತೆರಿಗೆ, ಅದು ಆರೂಮುಕ್ಕಾಲು ಕೋಟಿ. ಉಳಿಯೋದು 15 ಕೋಟಿ 75 ಲಕ್ಷ. ಆಮೇಲೆ ಸರ್‌ಚಾರ್ಜು, ಸೆಸ್ಸು ಅಂತ ಇನ್ನೂ ಕಟ್ಟಬೇಕು. ನೆಂಟರು ಭಾಗ ಹಾಕೋದು ಮಾತ್ರ 25ರ ಮೇಲೆ. "ಅಷ್ಟೊಂದು ಬಂದೈತೆ, ನಮಗೆ ಒಂದು 10 ಲಕ್ಷ ಕೊಡೋಕೆ ಕೈ ಬರ್ಲಿಲ್ಲ" ಅನ್ನೋರಿಗೆ ಈ ಕಳೆಯೋ ಲೆಕ್ಕ ಗೊತ್ತಿರಲ್ಲ, ಹೇಳಿದ್ರೂ ನಂಬಲ್ಲ.

ಎರಡು ವರ್ಷ ಮುಂಚೆ, 2022ರ ಸೆಪ್ಟೆಂಬರಲ್ಲಿ, ಇದೇ ಓಣಂ ಬಂಪರ್ ತಿರುವನಂತಪುರದ ಒಬ್ಬ ಆಟೋ ಡ್ರೈವರ್‌ಗೆ ಬಂದಿತ್ತು. ಟಿಕೆಟ್‌ಗೆ ದುಡ್ಡು ಸಾಲದೆ ಮಗುವಿನ ಹುಂಡಿ ಒಡೆದು ತಗೊಂಡಿದ್ದ ಅಂತ ಎಲ್ಲಾ ಕಡೆ ಬರೆದ್ರು. ಒಂದು ವಾರಕ್ಕೇ ಆ ಮನುಷ್ಯ ಕ್ಯಾಮೆರಾ ಮುಂದೆ ಬಂದು, ಮನೇಲಿ ಇರೋಕೆ ಆಗ್ತಿಲ್ಲ, ಕೇಳೋರ ಕಾಟಕ್ಕೆ ಅಲ್ಲಿ ಇಲ್ಲಿ ಇರ್ತಿದೀನಿ, ಈ ಬಹುಮಾನ ಬರದೇ ಇದ್ದಿದ್ರೇ ಚೆನ್ನಾಗಿತ್ತು ಅನ್ನೋ ಹಂಗೆ ಮಾತಾಡಿದ್ರು. ದುಡ್ಡು ಇನ್ನೂ ಕೈಗೆ ಬಂದಿರ್ಲಿಲ್ಲ, ಕೇಳೋರು ಮಾತ್ರ ಬಾಗಿಲಿಗೆ ಬಂದಿದ್ರು. ದುಡ್ಡು ಅಂದ್ರೆ ಹೆಣನೂ ಬಾಯಿ ಬಿಡುತ್ತೆ ಅಂತ ನಮ್ಮಜ್ಜಿ ಅಂತಿದ್ರು. ಬದುಕಿರೋರು ಸುಮ್ನಿರ್ತಾರಾ?

ಅಲ್ಲಿ ಬಂದು ಕೇಳಿದೋರಿಗೆ ಪಾಲು ಇರ್ಲಿಲ್ಲ. ಅವರು ಕೇಳಿದ್ದು ಉಡುಗೊರೆ. ಉಡುಗೊರೆ ಕೇಳೋಕೂ ಒಂದು ಮಿತಿ ಐತೆ, ಕೊಡದೇ ಇರೋಕೂ ಹಕ್ಕೈತೆ. ಕೊಟ್ಟಿಲ್ಲ ಅಂದ್ರೆ ಬೇಜಾರಾಗ್ಲಿ, "ಮೋಸ" ಅನ್ನಬಾರದು. ಹಾಕದೇ ಇರೋ ದುಡ್ಡಿಗೆ ಮೋಸ ಎಲ್ಲಿಂದ ಬಂತು?

ಈಗ ಇನ್ನೊಂದು ಸುದ್ದಿ ನೋಡಿ, ನನಗೆ ತುಂಬಾ ಇಷ್ಟ ಆಗಿದ್ದು. 2023ರ ಜುಲೈ. ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿ ಅಂತ ಊರು. ಅಲ್ಲಿ ಮನೆ ಮನೆಗೆ ಹೋಗಿ ಪ್ಲಾಸ್ಟಿಕ್ ಕಸ ಎತ್ತೋ ಹರಿತ ಕರ್ಮ ಸೇನೆಯ 11 ಜನ ಹೆಂಗಸ್ರು ಸೇರ್ಕೊಂಡು ಮಾನ್ಸೂನ್ ಬಂಪರ್ ಟಿಕೆಟ್ ಒಂದು ತಗೊಂಡ್ರು. ಟಿಕೆಟ್ 250 ರೂಪಾಯಿ. ಒಬ್ಬರ ಕೈಲಿ ಆಗೋ ಮಾತಲ್ಲ. 9 ಜನ ತಲಾ 25 ರೂಪಾಯಿ ಹಾಕಿದ್ರು. ಇನ್ನಿಬ್ಬರ ಹತ್ರ 25 ಇರ್ಲಿಲ್ಲ, ಇಬ್ಬರೂ ಸೇರಿ ಹನ್ನೆರಡೂವರೆ, ಹನ್ನೆರಡೂವರೆ ಹಾಕಿದ್ರು. ಆ ಟಿಕೆಟ್‌ಗೆ 10 ಕೋಟಿ ಬಂತು.

ಕಮಿಷನ್, ತೆರಿಗೆ ಕಳೆದ್ರೆ 6 ಕೋಟಿ 30 ಲಕ್ಷ. ಹಾಕಿದ ದುಡ್ಡಿನ ಲೆಕ್ಕ ಹಿಡಿದ್ರೆ 25 ಹಾಕಿದೋಳಿಗೆ 63 ಲಕ್ಷ, ಹನ್ನೆರಡೂವರೆ ಹಾಕಿದೋಳಿಗೆ ಮೂವತ್ತೊಂದೂವರೆ ಲಕ್ಷ. ನಾನು ಇದನ್ನ ಮನೇಲಿ ಹೇಳಿದಾಗ ನನ್ನ ಸೊಸೆ, "ಅಯ್ಯೋ ಅತ್ತೆ, ಇನ್ನೊಂದು ಹನ್ನೆರಡೂವರೆ ರೂಪಾಯಿ ಇಲ್ಲ ಅಂತ ಮೂವತ್ತೊಂದೂವರೆ ಲಕ್ಷ ಕಡಿಮೆನಾ? ಎಲ್ಲಾರೂ ಒಂದೇ ಕೆಲಸ ಮಾಡೋರು, ಸಮ ಹಂಚ್ಕೊಂಡ್ರೆ ಏನಾಗುತ್ತೆ?" ಅಂದ್ಲು. ಅವಳ ಮನಸ್ಸು ಒಳ್ಳೇದು. ಆದ್ರೂ ನಾನು ಒಪ್ಪಲ್ಲ. ಅರ್ಧ ಹಾಕಿದೋರಿಗೆ ಅರ್ಧ ಅನ್ನೋದು ಡ್ರಾ ಆಗೋಕೆ ಮುಂಚೆ ಎಲ್ಲಾರಿಗೂ ಗೊತ್ತಿದ್ದ ಮಾತು. ಬಹುಮಾನ 1 ಸಾವಿರ ಬಂದಿದ್ರೆ 50 ರೂಪಾಯಿ ತಗೊಂಡು ಅವರಿಬ್ಬರೂ ಸುಮ್ಮನೆ ಹೋಗ್ತಿದ್ರು. ಸೊನ್ನೆ ಜಾಸ್ತಿ ಆಯ್ತು ಅಂತ ನ್ಯಾಯ ಬದಲಾಗಬಾರದು. ಉಳಿದ ಒಂಬತ್ತು ಜನ ಪ್ರೀತಿಗೆ ತಲಾ 2 ಲಕ್ಷ ತೆಗೆದು ಆ ಇಬ್ಬರಿಗೆ ಕೊಟ್ರೆ, ಕೊಡ್ಲಿ, ಕೈ ಮುಗೀತೀನಿ. ಆದ್ರೆ ಅದು ಉಡುಗೊರೆ. ಅದನ್ನ ಪಾಲು ಅಂತ ಕೇಳೋ ಹಂಗಿಲ್ಲ.

ನಮಗೇನು ಈ ಲೆಕ್ಕ ಹೊಸದಾ? ಚೀಟಿ ಹಾಕಿಲ್ವಾ ನಾವು? ತಿಂಗಳಿಗೆ 5 ಸಾವಿರ ಕಟ್ಟೋಕೆ ಆಗ್ದೇ ಇದ್ರೆ ಇಬ್ಬರು ಸೇರಿ ಅರ್ಧ ಅರ್ಧ ಚೀಟಿ ಹಾಕ್ತೀವಿ. ಚೀಟಿ ಎತ್ತಿದಾಗ ಅರ್ಧ ಅರ್ಧ ತಗೋತೀವಿ. "ನನ್ನ ಮಗಳಿಗೆ ಫೀಸ್ ಕಟ್ಬೇಕು, ಪೂರ್ತಿ ನಂಗೇ ಕೊಡು" ಅಂತ ಯಾರೂ ಅನ್ನಲ್ಲ. ಕಷ್ಟ ಇದ್ರೆ "ನಿನ್ನ ಅರ್ಧನೂ ಈ ಸಲ ನಂಗೆ ಕೈಸಾಲ ಕೊಡು" ಅಂತ ಬಾಯಿ ಬಿಟ್ಟು ಕೇಳ್ತೀವಿ. ಯಾಕೆ ಜಗಳ ಇಲ್ಲ ಅಂದ್ರೆ, ಚೀಟಿ ನಡೆಸೋಳ ಹತ್ರ ಒಂದು ಪುಸ್ತಕ ಐತೆ, ಅದ್ರಲ್ಲಿ ನಮ್ಮ ಹೆಸರೈತೆ.

ಸಣ್ಣ ಸಣ್ಣ ತಕರಾರು ಬರೋದು ಎಲ್ಲಿ ಅಂತ ನಾನು ಯೋಚನೆ ಮಾಡಿ ನೋಡಿದೆ. ನೀವೂ ನಿಮ್ಮ ನಿಮ್ಮ ಮನೇಲಿ ಮಾತಾಡಿ.

"ಹೋದ ಸಲ ಎಲ್ಲಾ ಸೇರಿ ಹಾಕಿದ್ವಿ, ಈ ಸಲ ನಾನು ಊರಲ್ಲಿರ್ಲಿಲ್ಲ, ನನ್ನನ್ನ ಬಿಟ್ಟು ತಗೊಂಡ್ರು." ಪಾಪ ಅನ್ಸುತ್ತೆ, ಆದ್ರೆ ಪಾಲಿಲ್ಲ. ಹೋದ ಸಲದ ಟಿಕೆಟ್ ಹೋದ ಸಲಕ್ಕೇ ಮುಗೀತು.

"ನನ್ನದೂ ನೀನೇ ಹಾಕಿರು ಅಕ್ಕ, ಒಂದನೇ ತಾರೀಕು ಕೊಡ್ತೀನಿ" ಅಂತ ಡ್ರಾಗೆ ಮುಂಚೆ ಹೇಳಿದ್ಲು, ಅಕ್ಕ ಹೂಂ ಅಂದ್ಲು. ಇವಳಿಗೆ ಪೂರ್ತಿ ಪಾಲೈತೆ. ಅಕ್ಕನಿಗೆ ಬರಬೇಕಾಗಿರೋದು ಆ 25 ರೂಪಾಯಿ ಸಾಲ, ಅಷ್ಟೇ. "ನೀನು ದುಡ್ಡೇ ಕೊಟ್ಟಿರ್ಲಿಲ್ಲ" ಅಂತ ಅಕ್ಕ ಆಮೇಲೆ ಅಂದ್ರೆ ಅದು ನ್ಯಾಯ ಅಲ್ಲ. ಅದೇ ಮಾತು ಡ್ರಾ ಆದ್ಮೇಲೆ ಬಂದ್ರೆ, "ನನ್ನದೂ ಹಾಕ್ತೀಯ ಅಂದ್ಕೊಂಡಿದ್ದೆ" ಅಂದ್ರೆ, ಅದಕ್ಕೆ ಬೆಲೆ ಇಲ್ಲ. ಮನಸ್ಸಲ್ಲಿ ಅಂದ್ಕೊಂಡಿದ್ದಕ್ಕೆಲ್ಲ ಪಾಲು ಕೊಟ್ರೆ ಊರಿಗೆಲ್ಲ ಕೊಡಬೇಕು.

ಮೈದುನ ಕೇರಳಕ್ಕೆ ಹೋಗಿದ್ದ, ಅತ್ತಿಗೆಗೆ ಅಂತ ಒಂದು ಟಿಕೆಟ್ ತಂದು ಕೈಗೆ ಕೊಟ್ಟ. ಆ ಟಿಕೆಟ್ ಅತ್ತಿಗೆದು. ನಂಬರ್ ಬಂದ್ಮೇಲೆ "ತಂದಿದ್ದು ನಾನಲ್ವಾ" ಅನ್ನಬಾರದು. ಕೊಟ್ಟ ಸೀರೆ ಬೆಲೆ ಬಾಳುತ್ತೆ ಅಂತ ವಾಪಸ್ ಕೇಳ್ತೀವಾ?

ಗಂಡ ಟಿಕೆಟ್ ತಂದ, ದುಡ್ಡು ಮಾತ್ರ ಹೆಂಡ್ತಿ ಸಾಸಿವೆ ಡಬ್ಬೀಲಿಟ್ಟಿದ್ದು. ಇದ್ರಲ್ಲಿ ನನಗೆ ಎರಡು ಮಾತಿಲ್ಲ. ಮನೆ ದುಡ್ಡಲ್ಲಿ ತಂದಿದ್ದು ಇಬ್ಬರದ್ದೂ. ಯಾರಿಗೆ ಎಷ್ಟು ಕೊಡೋದು ಅಂತ ಗಂಡನ ಅಣ್ಣ ತಮ್ಮಂದಿರು ಹಾಲಲ್ಲಿ ಕೂತು ತೀರ್ಮಾನ ಮಾಡಿ, ಅಡುಗೆ ಮನೇಲಿ ಕಾಫಿ ಕಾಸೋಳಿಗೆ ಆಮೇಲೆ ಹೇಳೋದಲ್ಲ.

ಇನ್ನೊಂದು ಐತೆ, ಇದನ್ನ ಪಾಲಿಗಿಂತ ಮುಂಚೆ ನೋಡ್ಬೇಕು. ಕಷ್ಟದ ಕಾಲದಲ್ಲಿ ಯಾರೋ ಚಿಕ್ಕಮ್ಮ ಬಳೆ ಅಡ ಇಟ್ಟು ಆಸ್ಪತ್ರೆ ಬಿಲ್ ಕಟ್ಟಿರ್ತಾರೆ. ದುಡ್ಡು ಬಂದ್ಮೇಲೆ ಅವರಿಗೆ ಕೊಡೋದನ್ನ "ಸಹಾಯ ಮಾಡಿದೆ" ಅಂತ ಹೇಳ್ಕೊಂಡು ಓಡಾಡೋರು ಅವ್ರೆ. ಅದು ಸಹಾಯ ಅಲ್ಲ ಕಣ್ರಮ್ಮ, ಸಾಲ. ಮೊದಲು ಸಾಲ ತೀರಿಸಿ, ಆಮೇಲೆ ಪಾಲು ಹಂಚಿ, ಉಳಿದಿದ್ರಲ್ಲಿ ಕೈಲಾದಷ್ಟು ಉಡುಗೊರೆ ಕೊಡಿ. ಕೊಡೋದನ್ನ ಗಂಡ ಹೆಂಡ್ತಿ ಇಬ್ಬರೂ ಕೂತು ಒಂದೇ ಸಲ ತೀರ್ಮಾನ ಮಾಡಿ, ಒಬ್ಬರಿಗೆ ಗುಟ್ಟಲ್ಲಿ ಒಂದು, ಇನ್ನೊಬ್ಬರಿಗೆ ಗುಟ್ಟಲ್ಲಿ ಒಂದು ಬೇಡ. ಗುಟ್ಟು ಮುಂದಿನ ಮದುವೆ ಮನೇಲೇ ಬಯಲಾಗುತ್ತೆ.

ತೆರಿಗೆ ವಿಷಯನೂ ಒಂದು ಮಾತು ಹೇಳ್ಬೇಕು. ಟಿಕೆಟ್ ಹಿಂದೆ ಹೆಸರು, ವಿಳಾಸ, ಸಹಿ ಹಾಕಬೇಕು. 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ಸೇರಿ ತಗೊಂಡಿದ್ರೆ ಕ್ಲೇಮ್ ಮಾಡುವಾಗಲೇ ಎಲ್ಲಾರ ಹೆಸರು ತೋರಿಸೋದು ಒಳ್ಳೇದು. "ಒಬ್ಬರ ಹೆಸರಲ್ಲಿ ತಗೊಂಡು ಆಮೇಲೆ ಹಂಚಿದ್ರಾಯ್ತು" ಅಂದ್ರೆ ಕಾಗದದಲ್ಲಿ ಎಲ್ಲಾ ಅವರದ್ದೇ ಆಗುತ್ತೆ, ಆಮೇಲೆ ಕೊಡೋದು ಉಡುಗೊರೆ ಅನ್ಸುತ್ತೆ. ಅಣ್ಣ, ತಂಗಿ, ಅಪ್ಪ, ಅಮ್ಮ, ಚಿಕ್ಕಪ್ಪ ಇಂಥವರು ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಆದ್ರೆ ಚಿಕ್ಕಪ್ಪನ ಮಗ, ದೊಡ್ಡಮ್ಮನ ಮಗಳು, ಸ್ನೇಹಿತೆ ಇವರೆಲ್ಲ ಆ ಕಾನೂನಿನ ಕಣ್ಣಲ್ಲಿ ಹತ್ತಿರದ ಸಂಬಂಧಿಕರಲ್ಲ. ಅಂಥೋರಿಂದ ವರ್ಷಕ್ಕೆ 50 ಸಾವಿರ ದಾಟಿ ಬಂದ್ರೆ ತಗೊಂಡೋರು ತೆರಿಗೆ ಕಟ್ಟಬೇಕು. ಒಂದು ಸಲ ಲಾಟರಿ ತೆರಿಗೆ ಕಟ್ಟಿದ ದುಡ್ಡಿಗೇ ಇನ್ನೊಂದು ಸಲ ಕಟ್ಟಿದಂಗೆ. ಪಾಲನ್ನ ಪಾಲು ಅಂತ ಮೊದಲೇ ಬರೆದಿಡದೇ ಇದ್ರೆ ಸರ್ಕಾರನೂ ಅದನ್ನ ಉಡುಗೊರೆ ಅನ್ನುತ್ತೆ.

"ವೈಟ್‌ಫೀಲ್ಡಲ್ಲಿ ಕೂತು ಕೇರಳದ ಲಾಟರಿ ಕಥೆ ಯಾಕೆ ಹೇಳ್ತೀಯಮ್ಮ" ಅಂತೀರಾ? ಯಾಕೆ ಅಂದ್ರೆ ನಮಗೂ ಲಾಟರಿ ಹೊಡೆದೈತೆ. ಟಿಕೆಟ್ ಮಾತ್ರ ಇರ್ಲಿಲ್ಲ, ಪಹಣಿ ಇತ್ತು.

ನಾನು ಮದುವೆ ಆಗಿ ಈ ಕಡೆ ಬಂದಾಗ ಕಾಡುಗೋಡಿ, ಹೂಡಿ, ನಲ್ಲೂರಹಳ್ಳಿ, ವರ್ತೂರು ಎಲ್ಲಾ ರಾಗಿ ಹೊಲ, ನೀಲಗಿರಿ ತೋಪು. 90ರ ದಶಕದಲ್ಲಿ ಐಟಿಪಿಎಲ್ ಬಂತು, ಹಿಂದೆನೇ ಕಂಪನಿಗಳು, ಅಪಾರ್ಟ್‌ಮೆಂಟ್‌ಗಳು ಬಂದ್ವು. 2023ರ ಮಾರ್ಚಲ್ಲಿ ಮೆಟ್ರೋನೂ ವೈಟ್‌ಫೀಲ್ಡಿಗೆ ಬಂತು. ಹುರುಳಿ ಬಿತ್ತುತ್ತಿದ್ದ ಒಣ ನೆಲಕ್ಕೆ ಕೋಟಿ ಬಂತು. ಯಾರೂ ಬೆವರು ಸುರಿಸಿ ಆ ಬೆಲೆ ತಂದಿದ್ದಲ್ಲ. ರೋಡು ಯಾವ ಕಡೆ ಬಂತು ಅನ್ನೋದರ ಮೇಲೆ ಬಂತು. ಅದು ಲಾಟರಿ ಅಲ್ದೇ ಇನ್ನೇನು?

ಲಾಟರೀಲಿ ನೆಂಟರು ಉಡುಗೊರೆನ ಪಾಲು ಅಂತ ಕೇಳ್ತಾರೆ ಅಂದ್ನಲ್ಲ. ಜಮೀನಿನ ದುಡ್ಡಲ್ಲಿ ನಡೆದಿದ್ದು ಇದರ ಉಲ್ಟಾ. ಪಾಲನ್ನ ಉಡುಗೊರೆ ಅಂತ ಕೊಟ್ರು.

ನಮ್ಮ ಹಿಂದೂ ಮನೆಗಳ ಪಿತ್ರಾರ್ಜಿತ ಆಸ್ತೀಲಿ ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಷ್ಟೇ ಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ಆದ್ರೆ ಅಷ್ಟೊತ್ತಿಗೆ ಮದುವೆ ಆಗಿದ್ದೋರಿಗೆ ಇರ್ಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡೀಲಿ ಮದುವೆ ಆದೋರು, ಆಗದೋರು ಅನ್ನೋ ಭೇದ ಹೋಯ್ತು. ಆಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ, ಹುಟ್ಟಿನಿಂದಲೇ ಹಕ್ಕು ಅಂತ 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟೂ ಹೇಳ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆನೇ ಭಾಗ ಆಗಿ ರಿಜಿಸ್ಟರ್ ಆಗಿದ್ರೆ ಅದನ್ನ ಕೆದಕೋ ಹಂಗಿಲ್ಲ. ಅಪ್ಪ ಸ್ವಂತ ದುಡಿದು ತಗೊಂಡಿದ್ದು ಬೇರೆ, ಅದನ್ನ ಅವರು ಯಾರಿಗೆ ಬೇಕಾದ್ರೂ ಬರೀಬಹುದು.

ಕಾನೂನು ಇಷ್ಟು ಸ್ಪಷ್ಟ. ನಡೆದಿದ್ದು ಏನು? ಬಿಲ್ಡರ್ ಬಂದ, ಅಡ್ವಾನ್ಸ್ ಕೊಟ್ಟ. ವಂಶವೃಕ್ಷದಲ್ಲಿ ಅಕ್ಕ ತಂಗೀರ ಹೆಸರಿದ್ರೆ ಅವರ ಸಹಿ ಬೇಕು ಅಂದ. ಹತ್ತು ವರ್ಷದಿಂದ ಹಬ್ಬಕ್ಕೂ ಕರೀದೇ ಇದ್ದ ಅಣ್ಣ ಕಾರು ಮಾಡ್ಕೊಂಡು ತಂಗಿ ಮನೆಗೆ ಬಂದ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು, ಫೋಟೋ. ಬರ್ತಾ ಹೋಟ್ಲಲ್ಲಿ ಮಸಾಲೆ ದೋಸೆ. ಮನೇಲಿ ಅರಿಶಿಣ ಕುಂಕುಮ, ಒಂದು ರೇಷ್ಮೆ ಸೀರೆ, ಕವರಲ್ಲಿ 2 ಲಕ್ಷ. ಅತ್ತಿಗೆ ಊರೆಲ್ಲ ಹೇಳಿದ್ಲು, "ನಾದಿನಿಗೆ 2 ಲಕ್ಷ ಕೊಟ್ವಿ, ಯಾರು ಕೊಡ್ತಾರೆ ಈ ಕಾಲದಲ್ಲಿ" ಅಂತ. ಆ ತಂಗಿ ಕೋಟಿ ಲೆಕ್ಕದ ಪಾಲು ಬಿಟ್ಟು ಬಂದಿದ್ಲು. ಇದು ನಮ್ಮ ಹಿಂದಿನ ಬೀದೀಲೇ ನಡೆದಿದ್ದು. ಐದು ವರ್ಷ ಆದ್ಮೇಲೆ ಅವಳ ಮಕ್ಕಳಿಗೆ ವಿಷಯ ಗೊತ್ತಾಗಿ ಕೇಸ್ ಹಾಕಿದ್ರು. ಈಗ ಅಣ್ಣ ಸತ್ತ ದಿನ ಕೂಡ ತಂಗಿ ಬಾಗಿಲಾಚೆ ನಿಂತು ಅತ್ತು ಹೋದಳು.

"ಹೆಣ್ಣು ಮಕ್ಕಳು ಪಾಲು ಕೇಳಿದ್ರೆ ತೌರು ಮುಚ್ಚಿ ಹೋಗುತ್ತೆ" ಅಂತ ನಮ್ಮಲ್ಲೇ ಎಷ್ಟೋ ಜನ ಹೇಳ್ತೀರಿ. ನನಗೂ ಗೊತ್ತು ಆ ಹೆದರಿಕೆ. ಅಣ್ಣ ಒಂದು ಮಾತಾಡ್ಸದೇ ಹೋದ್ರೆ ಕೋಟಿ ಇಟ್ಕೊಂಡು ಏನ್ ಮಾಡೋದು ಅನ್ಸುತ್ತೆ. ಬೇಡ ಅಂತ ಬಿಡೋರು ಬಿಡ್ಲಿ, ನಾನು ತಪ್ಪು ಅನ್ನಲ್ಲ. ಆದ್ರೆ ಬಿಡೋಕೆ ಮುಂಚೆ ಎಷ್ಟು ಬಿಡ್ತಿದೀನಿ ಅಂತ ಗೊತ್ತಿರಬೇಕು. ಗೊತ್ತಿದ್ದು ಬಿಟ್ರೆ ಆಗ ಉಡುಗೊರೆ ಕೊಟ್ಟೋಳು ತಂಗಿ, ತಗೊಂಡೋನು ಅಣ್ಣ. ಸೀರೆ ತಗೊಂಡು ಅವಳು ತಲೆ ಬಗ್ಗಿಸ್ಬೇಕಾಗಿಲ್ಲ, ಅವನು ಕೈ ಮುಗೀಬೇಕು.

ಹೇಳೋದು ಸುಲಭ ಅಂತೀರಾ? ನಮ್ಮನೇಲಿ ಭಾಗ ಆದಾಗ ನನ್ನ ನಾದಿನಿಗೆ ಅವಳ ಪಾಲು ಸರಿಯಾಗಿ ಹೋಯ್ತು. ನನ್ನ ಯಜಮಾನ್ರೇ ಮುಂದೆ ನಿಂತು ಬ್ಯಾಂಕ್ ಮೂಲಕ ಕೊಡಿಸಿದ್ರು. ಅದರಿಂದ ನಮ್ಮ ಮನೆ ಒಂದು ಅಂತಸ್ತು ಕಡಿಮೆ ಎದ್ದಿತು. ಬಾಡಿಗೆ ಬರ್ತಿತ್ತು ಆ ಅಂತಸ್ತಿಂದ, ಅದು ನನಗೆ ಪ್ರತಿ ತಿಂಗಳೂ ನೆನಪಾಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ನಾದಿನಿ ನಮ್ಮನೆಗೆ ಬರುವಾಗ ನೆಂಟಳಾಗಿ ಬರ್ತಾಳೆ. ಗೌರಿ ಹಬ್ಬಕ್ಕೆ ನಾನು ಕೊಡೋ ಸೀರೆ ಬರೀ ಸೀರೆ. ಅದರ ಹಿಂದೆ ಯಾವ ಪತ್ರನೂ ಇಲ್ಲ.

"ನೆಂಟರ ಹತ್ರ ಬರವಣಿಗೆ ಯಾಕೆ, ನಂಬಿಕೆ ಇಲ್ವಾ" ಅಂತ ಕೇಳೋರಿಗೆ ನಾನೊಂದು ಕೇಳ್ತೀನಿ. ಮದುವೆ ಮನೇಲಿ ಮುಯ್ಯಿ ಬರೆಯೋಕೆ ಒಬ್ಬರನ್ನ ಟೇಬಲ್ ಹಾಕಿ ಕೂರಿಸ್ತೀವಲ್ಲ, 101 ರೂಪಾಯಿ ಕೊಟ್ಟೋರ ಹೆಸರೂ ಬರೀತೀವಲ್ಲ, ಅದು ನಂಬಿಕೆ ಇಲ್ದೇನಾ? ಮೂವತ್ತು ವರ್ಷದ ಹಿಂದಿನ ಮುಯ್ಯಿ ಪುಸ್ತಕ ನಮ್ಮ ಬೀರೂಲಿ ಈಗಲೂ ಐತೆ. ಉಡುಗೊರೆಗೆ ಲೆಕ್ಕ ಬರೆದಿಡ್ತೀವಿ. ಪಾಲಿಗೆ ಮಾತ್ರ "ಬಾಯಿ ಮಾತು ಸಾಕು" ಅಂತೀವಿ. ಎರಡೂ ತಿರುಗಮುರುಗ.

ಅದಕ್ಕೇ ಹೇಳೋದು. ನಾಲ್ಕು ಜನ ಸೇರಿ ಟಿಕೆಟ್ ತಗೊಳ್ಳಿ, ಚೀಟಿ ಹಾಕಿ, ಸೈಟು ತಗೊಳ್ಳಿ, ಅವತ್ತೇ ಯಾರು ಎಷ್ಟು ಹಾಕಿದ್ರು ಅಂತ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ, ಟಿಕೆಟ್ ಫೋಟೋ ಹಾಕಿ, ಎಲ್ಲಾರೂ ಹೂಂ ಅನ್ಲಿ. ಜಮೀನಿನ ಪತ್ರ ಅಂತ ಯಾರಾದ್ರೂ ಕರೆದ್ರೆ, ಅಣ್ಣನೇ ಆಗ್ಲಿ, ಪತ್ರದ ಜೆರಾಕ್ಸ್ ಹಿಂದಿನ ದಿನ ಮನೆಗೆ ತರಿಸ್ಕೊಂಡು, ಓದು ಬರೋ ಮಕ್ಕಳ ಹತ್ರ ಓದಿಸಿ. ಒಟ್ಟು ಎಷ್ಟಕ್ಕೆ ಮಾರ್ತಿದೀರ, ನನ್ನ ಭಾಗ ಎಷ್ಟಾಗುತ್ತೆ ಅಂತ ಕೇಳಿ. ಕೇಳೋದಕ್ಕೆ ಯಾವ ತೌರೂ ಮುಚ್ಚಬಾರದು. ಅಷ್ಟಕ್ಕೇ ಮುಚ್ಚೋ ಬಾಗಿಲಾದ್ರೆ, ಅದು ಸಹಿಗೋಸ್ಕರ ತೆರೆದಿದ್ದ ಬಾಗಿಲು ಅಂತ ತಿಳ್ಕೊಳ್ಳಿ.